ಎರಡು ಬಾವುಟಗಳ ನಡುವೆ ವಿದುರಾಶ್ವತ್ಥ

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದವರು ಬ್ರಿಟಿಷರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಆಗ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಗುಂಡೇಟು ತಿಂದವರು ಗೌರಿಬಿದನೂರು ಸುತ್ತಿನ ಹಳ್ಳಿಗಳ ರೈತಾಪಿ ಜನ. ಹೊಡೆದವರೂ ಈ ನಾಡಿನವರೇ, ಸತ್ತವರೂ ಈ ನಾಡಿನವರೇ. ಜಗಳ ಹುಟ್ಟಿದ್ದು ಒಂದು ಬಾವುಟವನ್ನು ಏರಿಸಬಹುದೋ ಬಾರದೋ ಎಂಬುದರ ಮೇಲೆ.

ಈ ಘಟನೆಯನ್ನು ನಾವು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುತ್ತ ಬಂದಿದ್ದೇವೆ. ಭಾಷಣದಲ್ಲಿ, ಫಲಕಗಳಲ್ಲಿ, ಪತ್ರಿಕೆಗಳಲ್ಲಿ ಇದೇ ಮಾತು. ಗೌರವದಿಂದಲೇ ಕೊಟ್ಟ ಬಿರುದು ಅದು, ಅನುಮಾನವಿಲ್ಲ. ಆದರೂ ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಮೃತಸರದಲ್ಲಿ 1919ರ ಏಪ್ರಿಲ್ 13ರಂದು ಗುಂಡು ಹಾರಿಸಲು ಆಜ್ಞೆ ಕೊಟ್ಟವನು ಡಯರ್ ಎಂಬ ಬ್ರಿಟಿಷ್ ಸೇನಾಧಿಕಾರಿ. ಅಲ್ಲಿ ಆಳುವವರು ಯಾರು, ಆಳಿಸಿಕೊಳ್ಳುವವರು ಯಾರು ಎಂಬುದು ನಿಚ್ಚಳವಾಗಿತ್ತು. ವಿದುರಾಶ್ವತ್ಥದಲ್ಲಿ ಆ ನಿಚ್ಚಳ ಇರಲಿಲ್ಲ. ಇಲ್ಲಿ ಪ್ರಭುತ್ವವೂ ದೇಶೀಯವೇ, ಜನ ಪ್ರೀತಿಯಿಂದ ನೆನೆಯುತ್ತಿದ್ದ ಅರಸರದೇ. ಅಮೃತಸರದ ಹೆಸರನ್ನು ಎರವಲು ತಂದು ಮೇಲೆ ಹೊದಿಸಿದ ಕೂಡಲೇ ಈ ಕಷ್ಟದ ಸತ್ಯ ಕಣ್ಣಿಗೆ ಕಾಣದಾಗುತ್ತದೆ. ದೇಶದ ಚರಿತ್ರೆಯಲ್ಲಿ ಒಂದು ಸಾಲಿನ ಜಾಗ ಸಿಗಬೇಕಾದರೆ ಮೈಸೂರು ಸೀಮೆಯ ಒಂದು ಹಳ್ಳಿ ಪಂಜಾಬಿನ ಹೆಸರು ಇಟ್ಟುಕೊಳ್ಳಬೇಕಾಯಿತಲ್ಲ ಎಂಬುದೇ ಯೋಚಿಸಬೇಕಾದ ಸಂಗತಿ.

ಊರನ್ನು ಮೊದಲು ನೋಡೋಣ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರದ ಹಿಂದೂಪುರದ ಕಡೆಗೆ ಹೋಗುತ್ತದೆ. ನದಿ ಎಂಬ ಹೆಸರಿದ್ದರೂ ವರ್ಷದ ಬಹುಪಾಲು ಮರಳೇ. ಅದರ ದಡದಲ್ಲಿ ವಿದುರ ನೆಟ್ಟನೆಂದು ನಂಬಿದ ಅಶ್ವತ್ಥವೃಕ್ಷವಿತ್ತು. ಮಕ್ಕಳಾಗಲೆಂದು ಹರಕೆ ಹೊತ್ತವರು ತಲೆತಲಾಂತರದಿಂದ ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಅಲ್ಲಿ ಸಾವಿರಗಟ್ಟಲೆ ಇವೆ. ಹೆಡೆ ಬಿಚ್ಚಿದ ಒಂಟಿ ನಾಗ, ಹೆಣೆದುಕೊಂಡ ಜೋಡಿ ನಾಗ, ಮಳೆಗಾಳಿಗೆ ಸವೆದು ಗುರುತೇ ಸಿಗದ ನಾಗ, ನಿನ್ನೆ ಮೊನ್ನೆ ಅರಿಸಿನ ಕುಂಕುಮ ಕಂಡ ಹೊಸ ನಾಗ, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹರಕೆ ಹೊತ್ತವರು ಕನ್ನಡದಲ್ಲಿ ಬೇಡಿಕೊಂಡರೋ ತೆಲುಗಿನಲ್ಲೋ ಎಂಬ ಗುರುತು ಆ ಕಲ್ಲುಗಳ ಮೇಲಿಲ್ಲ. ಆ ಹಳೆಯ ಮರ 2001ರಲ್ಲಿ ಉರುಳಿತು, ಕಲ್ಲುಗಳು ಹಾಗೇ ಉಳಿದಿವೆ.

ಈ ಸೀಮೆಯ ಜನರ ಮಾತೂ ಹಾಗೆಯೇ. ಗೌರಿಬಿದನೂರಿನ ಸಂತೆಯಲ್ಲಿ ಒಬ್ಬರು 'ಏಮಣ್ಣಾ, ಬಾಗುನ್ನಾರಾ?' ಎಂದು ಕೇಳಿದರೆ ಇನ್ನೊಬ್ಬರು 'ಚೆನ್ನಾಗಿದೀನಿ ಕಣಪ್ಪಾ, ಮಳೆ ಒಂದು ಬಂದಿದ್ರೆ ಸಾಕಿತ್ತು' ಎನ್ನುತ್ತಾರೆ. ಇಬ್ಬರಿಗೂ ತಾವು ಎರಡು ಭಾಷೆ ಆಡುತ್ತಿದ್ದೇವೆ ಎಂಬ ಎಚ್ಚರವೇ ಇರುವುದಿಲ್ಲ. ಕುಡುಮಲಕುಂಟೆ, ಮಂಚೇನಹಳ್ಳಿ, ತೊಂಡೇಭಾವಿ, ನಗರಗೆರೆ, ವಾಟದಹೊಸಹಳ್ಳಿ, ಅಲೀಪುರ ಎಂದು ಸುತ್ತಿನ ಊರುಗಳನ್ನು ಎಣಿಸುತ್ತ ಹೋದರೆ ಕನ್ನಡ, ತೆಲುಗು, ಉರ್ದು ಮೂರೂ ಸಿಗುತ್ತವೆ. ಕುಡುಮಲಕುಂಟೆ ಇಂದು ಕೈಗಾರಿಕಾ ಪ್ರದೇಶವಾಗಿ ಹೆಸರಾಗಿದೆ, ಅಲೀಪುರ ಷಿಯಾ ಮುಸ್ಲಿಮರ ದೊಡ್ಡ ಊರು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ತಾತಯ್ಯನವರು, ಅಂದರೆ ಕೈವಾರ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿ ಹೋದರು. ಇಂದಿಗೂ ಭಜನೆಗೆ ಕೂತವರು ಎರಡನ್ನೂ ಹಾಡುತ್ತಾರೆ.

ಇಂಥ ಜನರನ್ನು ಹೊರಗಿನವರು ಹೇಗೆ ಕಂಡರು? ಮೈಸೂರಿನ ಅಧಿಕಾರಿಗೆ ಇದು ಬಯಲುಸೀಮೆಯ ಬರಡು ಮೂಲೆ. ಕೆರೆ ತುಂಬಿದ ವರ್ಷ ರಾಗಿ, ತುಂಬದ ವರ್ಷ ಸಾಲ. ಕನ್ನಡದ ಪಂಡಿತರಿಗೆ ಇಲ್ಲಿಯವರದು ಅರ್ಧ ಕನ್ನಡ. ಬೆಂಗಳೂರಿಗೆ ಓದಲು ಹೋದ ಹುಡುಗನಿಗೆ ತೆಲುಗಿನವನೆಂಬ ಹೆಸರು ಅಂಟುತ್ತಿತ್ತು. ಅದೇ ಹುಡುಗ ಹಿಂದೂಪುರದ ಬೀಗರ ಮನೆಗೆ ಹೋದರೆ ಮೈಸೂರಿನವನು, ಕನ್ನಡದವನು. ಈ ಮುದ್ರೆಗಳ ಮೇಲೆ ಇನ್ನೂ ದೊಡ್ಡ ಮುದ್ರೆಯೊಂದಿತ್ತು. ಮೈಸೂರಿನ ಪ್ರಜೆ ಎಂದರೆ ಸೌಮ್ಯ, ಸಂತೃಪ್ತ, ರಾಜಭಕ್ತ, ಗಲಾಟೆ ಅವನ ರಕ್ತದಲ್ಲೇ ಇಲ್ಲ ಎಂಬ ನಂಬಿಕೆ.

ಈ ನಂಬಿಕೆ ತಾನಾಗಿ ಬೆಳೆದದ್ದಲ್ಲ, ಬೆಳೆಸಿದ್ದು. 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಾಟಕ್ಕೆ ದಂಗೆ ಎದ್ದಿದ್ದರು. ಆ ನೆಪದಿಂದಲೇ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಅಂಥ ಪ್ರಜೆಗಳ ಮಕ್ಕಳು ಮೊಮ್ಮಕ್ಕಳು ಎರಡು ತಲೆಮಾರಿನಲ್ಲಿ ಹುಟ್ಟಾ ಸೌಮ್ಯರಾಗಿಬಿಟ್ಟರೇ? 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೆ ಮೈಸೂರು ಮಾದರಿ ಸಂಸ್ಥಾನವಾಗಬೇಕಿತ್ತು. ಆಯಿತು ಕೂಡ. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1907ರಲ್ಲಿ ನ್ಯಾಯವಿಧಾಯಕ ಸಭೆ, ಆಮೇಲೆ ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಇವೆಲ್ಲ ನಿಜವಾದ ಸಾಧನೆಗಳು, ಅವುಗಳ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಸಾಧನೆಯ ಜೊತೆಯಲ್ಲೇ ಒಂದು ಚಿತ್ರವೂ ತಯಾರಾಯಿತು. ಒಳ್ಳೆಯ ದೊರೆ, ದಕ್ಷ ದಿವಾನ, ಕೃತಜ್ಞ ಪ್ರಜೆ. ಕೊಡುವವನು ದೊರೆ, ಪಡೆಯುವವನು ಪ್ರಜೆ. ಆ ಚಿತ್ರದಲ್ಲಿ ಕೇಳುವ ಪ್ರಜೆಗೆ ಜಾಗವಿರಲಿಲ್ಲ. ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು, ಸರ್ಕಾರವನ್ನು ಇಳಿಸುವಂತಿರಲಿಲ್ಲ.

ಗಾಂಧೀಜಿಯವರಿಗೂ ಈ ಚಿತ್ರ ಮೆಚ್ಚುಗೆಯಾಗಿತ್ತು. 1927ರಲ್ಲಿ ಆರೋಗ್ಯ ಕೆಟ್ಟಾಗ ಅವರು ಸಂಸ್ಥಾನದ ಅತಿಥಿಯಾಗಿ ನಂದಿಬೆಟ್ಟಕ್ಕೆ ಬಂದು ವಾರಗಟ್ಟಲೆ ಉಳಿದರು. ನಂತರ ಬೆಂಗಳೂರಿನಲ್ಲಿದ್ದು ರಾಜ್ಯದ ಅನೇಕ ಕಡೆ ಸಂಚರಿಸಿದರು. ಮೈಸೂರಿನ ಆಡಳಿತವನ್ನೂ ಮಹಾರಾಜರನ್ನೂ ಮನಸಾರೆ ಹೊಗಳಿದರು. 1936ರ ಬೇಸಿಗೆಯಲ್ಲಿ ಮತ್ತೆ ನಂದಿಗೆ ಬಂದಾಗ ಜೊತೆಯಲ್ಲಿ ಸರ್ದಾರ್ ಪಟೇಲರಿದ್ದರು. ಬೆಟ್ಟದ ಬುಡದಿಂದ ವಿದುರಾಶ್ವತ್ಥಕ್ಕೆ ಅರ್ಧ ದಿನದ ಹಾದಿಯೂ ಅಲ್ಲ. ಇನ್ನೆರಡು ವರ್ಷಕ್ಕೆ ಅದೇ ಪಟೇಲರು ಈ ಸೀಮೆಯ ಸಾವುಗಳ ವಿಷಯ ಮಾತಾಡಲು ಬೆಂಗಳೂರಿಗೆ ಬರಬೇಕಾಗುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಸಂತೃಪ್ತ ಪ್ರಜೆ ಎಂಬ ಚಿತ್ರಕ್ಕೆ ಹೊಂದದ ಸಂಗತಿ ನಡೆದಾಗ ಸಂಸ್ಥಾನದ ಬಳಿ ಒಂದು ಸಿದ್ಧ ಉತ್ತರವಿರುತ್ತಿತ್ತು. ಇದು ನಮ್ಮ ಜನರ ಕೆಲಸವಲ್ಲ, ಹೊರಗಿನವರ ಚಿತಾವಣೆ. 1937ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದಾಗ ಸರ್ಕಾರ ಅವರನ್ನು ಬಂಧಿಸಿತು, ಜನ ಬೀದಿಗಿಳಿದರು. ಅದೇ ತಿಂಗಳು ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಮೈಸೂರಿನ ದಬ್ಬಾಳಿಕೆಯನ್ನು ಖಂಡಿಸಿ ನಿರ್ಣಯ ಮಾಡಿತು. ಆ ನಿರ್ಣಯಕ್ಕೆ ಬೇಸರಪಟ್ಟುಕೊಂಡವರು ಗಾಂಧೀಜಿ. ಸಂಸ್ಥಾನಗಳ ವಿಷಯದಲ್ಲಿ ಕಾಂಗ್ರೆಸ್ ಕೈಹಾಕಬಾರದೆಂಬ ತಮ್ಮ ನೀತಿಗೆ ಅದು ವಿರುದ್ಧ ಎಂಬುದು ಅವರ ಆಕ್ಷೇಪ. 1938ರ ಫೆಬ್ರವರಿಯಲ್ಲಿ ಸುಭಾಷ್ ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನಡೆದ ಹರಿಪುರ ಅಧಿವೇಶನ ಸಂಸ್ಥಾನಗಳು ಭಾರತದ ಬೇರ್ಪಡಿಸಲಾಗದ ಭಾಗ ಎಂದು ಸಾರಿತು. ಅದೇ ಉಸಿರಿನಲ್ಲಿ, ಸಂಸ್ಥಾನದ ಜನ ತಮ್ಮ ಹೋರಾಟವನ್ನು ತಾವೇ ನಡೆಸಬೇಕು, ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬಾರದು ಎಂದೂ ಹೇಳಿತು. ದೇಶ ನಿಮ್ಮದು, ಆದರೆ ದೇಶದ ಹೆಸರು ಹಿಡಿದು ಹೊರಡಬೇಡಿ ಎಂದ ಹಾಗಾಯಿತು. ಮೈಸೂರಿನ ಕಾರ್ಯಕರ್ತರಿಗೆ ಇದರಿಂದ ಎಷ್ಟು ನೋವಾಗಿರಬೇಕು!

ನೋವಿಗೆ ಕಾರಣವಿತ್ತು. ಅದುವರೆಗೆ ಕಾಂಗ್ರೆಸ್ ಎಂದರೆ ಪೇಟೆಯ, ಓದಿದವರ, ಬ್ರಾಹ್ಮಣರ ಪಕ್ಷ ಎಂಬ ಅಭಿಪ್ರಾಯ ಮೈಸೂರಿನ ಹಳ್ಳಿಗಳಲ್ಲಿ ಗಟ್ಟಿಯಾಗಿತ್ತು. 1917ರಿಂದ ಬೆಳೆದ ಬ್ರಾಹ್ಮಣೇತರ ಚಳವಳಿಯ ಮುಖಂಡರು ಅರಮನೆಯ ಕಡೆ ನೋಡುತ್ತಿದ್ದರೇ ಹೊರತು ಗಾಂಧಿ ಕಡೆ ಅಲ್ಲ. 1934ರಲ್ಲಿ ಪ್ರಜಾಮಿತ್ರ ಮಂಡಳಿ ಮತ್ತು ಪ್ರಜಾಪಕ್ಷ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು, 1937ರಲ್ಲಿ ಅದೂ ಕಾಂಗ್ರೆಸ್ಸಿನೊಡನೆ ಬೆರೆಯಿತು. ಈ ಸೇರ್ಪಡೆಯ ಮುಂಚೂಣಿಯಲ್ಲಿದ್ದವರಲ್ಲಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ ಒಬ್ಬರು. ಒಕ್ಕಲಿಗರು, ರೆಡ್ಡಿಗಳು, ಲಿಂಗಾಯತರು, ಹಳ್ಳಿಯ ಗೌಡರು ಪಟೇಲರು ಚಳವಳಿಗೆ ಬಂದರು. ಬಾವುಟ ಪೇಟೆ ಬಿಟ್ಟು ಹೊಲದ ಬದುವಿಗೆ ಇಳಿಯಿತು. ಸರ್ಕಾರ ನಿಜವಾಗಿ ಕಂಗಾಲಾದದ್ದು ಆಗ.

ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಕಾಂಗ್ರೆಸ್ ಬಾವುಟ ಏರಿಸಕೂಡದೆಂದು ನಿಷೇಧಾಜ್ಞೆ ಇತ್ತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ಸಾವಿರಾರು ಜನರ ಎದುರು ಚರಕದ ತ್ರಿವರ್ಣ ಬಾವುಟ ಏರಿತು, ನಾಯಕರು ಬಂಧಿತರಾದರು. ಆ ಸುದ್ದಿ ಸಂಸ್ಥಾನದ ಮೂಲೆ ಮೂಲೆಗೆ ಮುಟ್ಟಿ ಊರೂರಿನಲ್ಲಿ ಧ್ವಜ ಸತ್ಯಾಗ್ರಹ ಶುರುವಾಯಿತು.

ಸರ್ಕಾರದ ವಾದವನ್ನೂ ಕೇಳಬೇಕು. ಮೈಸೂರಿಗೆ ತನ್ನದೇ ಬಾವುಟವಿದೆ, ಅದರ ಮೇಲೆ ಗಂಡಭೇರುಂಡವಿದೆ. ಮಹಾರಾಜರ ನೆಲದಲ್ಲಿ ಇನ್ನೊಂದು ಬಾವುಟ ಏರಿಸುವುದು ಸಂಸ್ಥಾನದ ಗೌರವಕ್ಕೆ ಕುಂದು. ಕಾಂಗ್ರೆಸ್ ಬಾವುಟ ದೇಶದ್ದಲ್ಲ, ಒಂದು ಪಕ್ಷದ್ದು. ಈ ವಾದ ಪೂರ್ತಿ ಹುಸಿಯೇನಲ್ಲ. ಮೈಸೂರಿನ ಸಾಮಾನ್ಯ ಜನಕ್ಕೆ ಅರಮನೆಯ ಮೇಲೆ, ದಸರೆಯ ಮೇಲೆ, ನಾಲ್ವಡಿಯವರ ಮೇಲೆ ನಿಜವಾದ ಅಭಿಮಾನವಿತ್ತು. ಧ್ವಜ ಸತ್ಯಾಗ್ರಹಕ್ಕೆ ಹೋದವರಲ್ಲೂ ಇತ್ತು. ಅವರು ಬೇಡುತ್ತಿದ್ದದ್ದು ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ, ಒಡೆಯರನ್ನು ಓಡಿಸುವುದಲ್ಲ. ಎರಡು ಅಭಿಮಾನ ಒಂದೇ ಎದೆಯಲ್ಲಿ ಇರಬಹುದೆಂಬುದನ್ನು ದಿವಾನರ ಕಚೇರಿ ಒಪ್ಪಲಿಲ್ಲ. ಅಲ್ಲೇ ತಪ್ಪಿದ್ದು.

ಗೌರಿಬಿದನೂರಿನಲ್ಲಿ ಈ ನಿಷೇಧಕ್ಕೆ ಇನ್ನೊಂದು ವಿಪರೀತವಿತ್ತು. ಕೆಲವೇ ಮೈಲಿ ಆಚೆ ಹಿಂದೂಪುರ. ಅದು ಮದ್ರಾಸ್ ಪ್ರಾಂತ್ಯ, ಬ್ರಿಟಿಷರ ನೇರ ಆಳ್ವಿಕೆ. ಆದರೆ 1937ರ ಜುಲೈಯಿಂದ ಅಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರದಲ್ಲಿತ್ತು. ಪರಕೀಯರ ನೆಲದಲ್ಲಿ ಆ ಬಾವುಟದ ಪಕ್ಷ ಆಳುತ್ತಿದೆ, ಸ್ವಕೀಯ ದೊರೆಯ ನೆಲದಲ್ಲಿ ಅದೇ ಬಾವುಟ ಅಪರಾಧ. ಸಂತೆಗೆ, ಸಂಬಂಧಕ್ಕೆ, ದನದ ವ್ಯಾಪಾರಕ್ಕೆ ದಿನವೂ ಗಡಿ ದಾಟುತ್ತಿದ್ದ ರೈತ ಇದನ್ನು ಯಾರೂ ಹೇಳದೆಯೇ ಬಲ್ಲವನಾಗಿದ್ದ. ರಾಷ್ಟ್ರೀಯತೆಯ ಪಾಠ ಅವನಿಗೆ ಪುಸ್ತಕದಿಂದ ಬರಲಿಲ್ಲ. ಈಚೆಗೂ ಆಚೆಗೂ ನಡೆದಾಡಿ ಬಂತು. ಅರ್ಧ ಕನ್ನಡದವನು, ಗಡಿಯ ಒರಟ, ಹಿಂದುಳಿದವನು ಎಂದು ಯಾರನ್ನು ಬದಿಗಿಟ್ಟಿದ್ದರೋ ಅವನೇ ಮೈಸೂರಿನ ಪ್ರಜೆಯೂ ಭಾರತದ ಪ್ರಜೆಯೂ ಆಗಿರುವುದರ ಕಷ್ಟವನ್ನು ಎಲ್ಲರಿಗಿಂತ ಮೊದಲು ಅನುಭವಿಸಿದ.

ಏಪ್ರಿಲ್ 25, ಸೋಮವಾರ. ಜಾತ್ರೆಯ ಕಾಲ. ವಿದುರಾಶ್ವತ್ಥದಲ್ಲಿ ಸತ್ಯಾಗ್ರಹದ ಸಭೆ ಎಂಬ ಸುದ್ದಿ ಹಬ್ಬಿತ್ತು, ಸಭೆ ಸೇರಕೂಡದೆಂಬ ಆಜ್ಞೆಯೂ ಇತ್ತು. ಸುತ್ತಿನ ಹಳ್ಳಿಗಳಿಂದ ಸಾವಿರಾರು ಜನ ಬಂದರು. ಕೆಲವರು ಬಾವುಟಕ್ಕಾಗಿ, ಕೆಲವರು ದೇವರಿಗಾಗಿ, ಬಹಳ ಮಂದಿ ಎರಡಕ್ಕೂ. ಪೊಲೀಸರು ಸಭೆ ತಡೆಯಹೊರಟರು, ತಳ್ಳಾಟವಾಯಿತು, ಲಾಠಿ ಬೀಸಿದರು, ಆಮೇಲೆ ಗುಂಡು. ಜನ ಕಲ್ಲು ತೂರಿದರು, ಆತ್ಮರಕ್ಷಣೆಗೆ ಗುಂಡು ಹಾರಿಸಬೇಕಾಯಿತು ಎಂದು ಸರ್ಕಾರ ಹೇಳಿತು. ಸತ್ತವರು 10 ಮಂದಿ ಎಂಬುದು ಸರ್ಕಾರದ ಲೆಕ್ಕ. ಊರವರ ಲೆಕ್ಕ 30 ದಾಟುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಅಂದಿನ ಆಡಳಿತ ತನ್ನ ಪ್ರಜೆಯನ್ನು ಎಷ್ಟು ಬಲ್ಲದು ಎಂಬುದಕ್ಕೆ ಅಳತೆ. ಗಾಯಗೊಂಡವರೆಲ್ಲ ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಹೆಸರು ಬರೆದುಕೊಳ್ಳುತ್ತಾರೆ, ಆಮೇಲೆ ಮೊಕದ್ದಮೆ ಎಂಬ ಭಯ ಹಳ್ಳಿಯವನಿಗೆ ಇದ್ದೇ ಇರುತ್ತದೆ. ಅಂಥವರು ಊರಲ್ಲಿ ಸತ್ತರೆ ಅದು ಯಾವ ಲೆಕ್ಕದಲ್ಲಿ ಸೇರೀತು?

ಸುದ್ದಿ ದೇಶದುದ್ದಕ್ಕೂ ಹರಡಿತು. ಆರು ತಿಂಗಳ ಹಿಂದೆ ಮೈಸೂರಿನ ಮೇಲಿನ ನಿರ್ಣಯಕ್ಕೆ ಆಕ್ಷೇಪಿಸಿದ್ದ ಗಾಂಧೀಜಿ ಈಗ ತಾವೇ ಬರೆದರು. ಮೈಸೂರು ಸರ್ಕಾರ ನಿರಂಕುಶ ಅಧಿಕಾರವನ್ನು ಬಿಟ್ಟು ಜನರಿಗೆ ಜವಾಬ್ದಾರಿ ವಹಿಸಬೇಕೆಂದರು. ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಮೇ ತಿಂಗಳ ಮೊದಲ ವಾರಗಳಲ್ಲಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನರೊಡನೆ ಮಾತುಕತೆಗೆ ಕೂತರು. ಅದರಿಂದ ಹೊರಬಂದದ್ದೇ ಮಿರ್ಜಾ-ಪಟೇಲ್ ಒಪ್ಪಂದ.

ಆ ಒಪ್ಪಂದದ ಒಂದು ಷರತ್ತನ್ನು ನಿಧಾನವಾಗಿ ಓದಬೇಕು. ವಿಶೇಷ ಸಮಾರಂಭಗಳಲ್ಲಿ ಕಾಂಗ್ರೆಸ್ಸಿನ ರಾಷ್ಟ್ರಧ್ವಜದ ಜೊತೆಗೆ ಮೈಸೂರಿನ ಧ್ವಜವನ್ನೂ ಏರಿಸಬೇಕು. ಪಕ್ಷದ್ದೇ ಸಭೆಗಳಲ್ಲಿ ಕಾಂಗ್ರೆಸ್ ಬಾವುಟ ಒಂದೇ ಇರಬಹುದು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ರಾಜಕೀಯ ಕೈದಿಗಳ ಬಿಡುಗಡೆಯಾಯಿತು, ಸತ್ಯಾಗ್ರಹ ನಿಂತಿತು, ಜವಾಬ್ದಾರಿ ಸರ್ಕಾರದ ಪ್ರಶ್ನೆಯನ್ನು ಆಡಳಿತ ಸುಧಾರಣಾ ಸಮಿತಿ ವಿಚಾರ ಮಾಡಬಹುದೆಂದಾಯಿತು. ಚರಿತ್ರೆಕಾರರು ಈ ಒಪ್ಪಂದವನ್ನು ತಾತ್ಕಾಲಿಕ ರಾಜಿ ಎನ್ನುತ್ತಾರೆ, ಅದು ಹೆಚ್ಚು ಕಾಲ ಬಾಳಲಿಲ್ಲ ಎಂಬುದೂ ನಿಜ. 1939ರಲ್ಲೇ ಮತ್ತೆ ಸತ್ಯಾಗ್ರಹ ಶುರುವಾಯಿತು. ಆದರೂ ನನ್ನ ಮಟ್ಟಿಗೆ ಇದು ನಮ್ಮ ರಾಜಕೀಯ ಚರಿತ್ರೆಯ ದೊಡ್ಡ ಕಾಗದಗಳಲ್ಲಿ ಒಂದು. ನಾಡಿನ ಅಭಿಮಾನವೂ ದೇಶದ ಅಭಿಮಾನವೂ ಒಂದನ್ನೊಂದು ಕೊಲ್ಲಬೇಕಿಲ್ಲ, ಅಕ್ಕಪಕ್ಕ ನಿಲ್ಲಬಹುದು ಎಂದು ಮೈಸೂರಿನ ನೆಲದಲ್ಲಿ ಲಿಖಿತವಾಗಿ ಒಪ್ಪಿದ್ದು ಇಲ್ಲಿ. ಅದನ್ನು ಒಪ್ಪಿಸಿದ್ದು ನಾಯಕರ ಚಾತುರ್ಯವಲ್ಲ. ಪಿನಾಕಿನಿ ದಡದಲ್ಲಿ ಬಿದ್ದ ಹೆಣಗಳು. ಒಂದು ತಿಂಗಳ ಮೊದಲೇ ಇದನ್ನು ಒಪ್ಪಿದ್ದರೆ ಅವರು ಬದುಕಿರುತ್ತಿದ್ದರು.

ಮುಂದಿನದು ಬೇಗ ಹೇಳಬಹುದು. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು, ಮಿರ್ಜಾ 1941ರಲ್ಲಿ ದಿವಾನಗಿರಿ ಬಿಟ್ಟರು. 1942ರಲ್ಲಿ ಶಿವಮೊಗ್ಗದ ಈಸೂರು ಸಿಡಿದೆದ್ದಿತು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನವರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲ. 'ಮೈಸೂರು ಚಲೋ' ಚಳವಳಿ ಎದ್ದು, ಅಕ್ಟೋಬರ್ 25ರಂದು ಕೆ. ಚೆಂಗಲರಾಯ ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಸಂತೃಪ್ತ ಪ್ರಜೆಗಳ ರಾಜ್ಯದ ಮೊದಲ ಜನಪ್ರತಿನಿಧಿ ಸರ್ಕಾರವನ್ನು ನಡೆಸಲು ಬಂದವರು ಅದೇ ಕೋಲಾರ ಜಿಲ್ಲೆಯವರು.

ಆದರೆ ಮುದ್ರೆ ಒತ್ತುವ ಕೆಲಸ ಸ್ವಾತಂತ್ರ್ಯದ ಜೊತೆ ಮುಗಿಯಲಿಲ್ಲ. ಭಾಷಾವಾರು ಪ್ರಾಂತ್ಯಗಳ ಕಾಲದಲ್ಲಿ ಅದು ಹೊಸ ಹುರುಪಿನಿಂದ ನಡೆಯಿತು. ಹಳೆ ಮೈಸೂರಿನ ಕೆಲವು ಮುಖಂಡರಿಗೆ ಏಕೀಕರಣವೇ ಬೇಡವಾಗಿತ್ತು. ಉತ್ತರದ ಜಿಲ್ಲೆಗಳು ಬಡವು, ಅವುಗಳ ಹೊರೆ ನಮಗೇಕೆ ಎಂದರು. ಅಲ್ಲಿಯವರು ಒರಟರು, ಇಲ್ಲಿಯವರು ನಯವಂತರು ಎಂದರು. ಧಾರವಾಡದ ಕಡೆಯವರೂ ಸುಮ್ಮನಿರಲಿಲ್ಲ. ಮೈಸೂರಿನವರು ಹೊಟ್ಟೆ ತುಂಬಿದವರು, ದೊರೆಯ ನೆರಳಿನಲ್ಲಿ ಬೆಳೆದ ಮೆತ್ತನೆಯವರು, ಚಳವಳಿ ಅವರಿಗೆ ಗೊತ್ತಿಲ್ಲ ಎಂಬ ಮಾತು ಆ ಕಡೆ ಇತ್ತು. ಶಿವಪುರ, ವಿದುರಾಶ್ವತ್ಥ, ಈಸೂರು ಆದ ಮೇಲೂ ಇತ್ತು.

ಕೋಲಾರ ಜಿಲ್ಲೆಯ ಕಥೆ ಇನ್ನೂ ತೊಡಕಿನದು. ಅಂದಿನ ಕೋಲಾರದಲ್ಲಿ, ಎಂದರೆ ಇಂದಿನ ಚಿಕ್ಕಬಳ್ಳಾಪುರವನ್ನೂ ಸೇರಿಸಿದ ಜಿಲ್ಲೆಯಲ್ಲಿ, ತೆಲುಗು ಮನೆಮಾತಿನವರೇ ಅರ್ಧಕ್ಕಿಂತ ಹೆಚ್ಚು. ಭಾಷೆಯೊಂದೇ ಅಳತೆಯಾಗಿದ್ದರೆ ಜಿಲ್ಲೆ ಆಂಧ್ರಕ್ಕೆ ಹೋಗಬೇಕಿತ್ತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಕೋಲಾರ ಕರ್ನಾಟಕದಲ್ಲೇ ಇರಲಿ ಎಂದಿತು. ಅತ್ತ ಆಂಧ್ರದಲ್ಲಿ ಉಳಿದ ಮಡಕಶಿರಾ ತಾಲ್ಲೂಕು ಹೆಚ್ಚುಕಡಿಮೆ ಮೂರು ದಿಕ್ಕೂ ಕರ್ನಾಟಕದಿಂದ ಸುತ್ತುವರಿದಿದೆ, ಕನ್ನಡದ ಮನೆಗಳು ಅಲ್ಲಿ ಬೇಕಾದಷ್ಟಿವೆ. ಗೌರಿಬಿದನೂರಿನ ತೆಲುಗು ಮನೆಗಳು ಈಚೆ, ಮಡಕಶಿರಾದ ಕನ್ನಡ ಮನೆಗಳು ಆಚೆ. ನಕ್ಷೆಯ ಗೆರೆ ಮನೆಮಾತಿನ ಮೇಲೆ ಹಾದುಹೋಗಿಲ್ಲ, ಹಾದುಹೋಗಲು ಸಾಧ್ಯವೂ ಇರಲಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟಿತು, 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂತು. ವಿದುರಾಶ್ವತ್ಥದಲ್ಲಿ ಸತ್ತವರು ಮೈಸೂರಿನ ಪ್ರಜೆಗಳಾಗಿ ಸತ್ತು, ಭಾರತದ ಹುತಾತ್ಮರಾಗಿ, ಕೊನೆಗೆ ಕರ್ನಾಟಕದ ವೀರರಾದರು. ಅವರಿಗೆ ಇವುಗಳಲ್ಲಿ ಒಂದೊಂದೂ ಸಲ್ಲುತ್ತದೆ. ಒಂದು ಮಾತ್ರ ಸಲ್ಲುತ್ತದೆ ಎನ್ನುವುದು ಅನ್ಯಾಯ.

ಈ ಸೀಮೆಯವರಿಗೆ ಅರ್ಧ ಕನ್ನಡದವರೆಂಬ ಹಣೆಪಟ್ಟಿ ಹಚ್ಚುವವರಿಗೆ ಇಬ್ಬರ ಹೆಸರು ನೆನಪಿಸುತ್ತೇನೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಮನೆತನ ತೆಲುಗಿನದು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದು ಅವರ ದಿವಾನಗಿರಿಯಲ್ಲಿ, ಅವರ ಒತ್ತಾಸೆಯಿಂದ. ಇನ್ನೊಬ್ಬರು ಗೌರಿಬಿದನೂರು ತಾಲ್ಲೂಕು ಹೊಸೂರಿನ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು. ಮನೆಮಾತು ತೆಲುಗು. 1942ರಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ಕಾಲೇಜು ತೆರೆದರು, ತಮ್ಮ ಬದುಕಿನ ಕಥೆ 'ಹೋರಾಟದ ಹಾದಿ'ಯನ್ನು ಕನ್ನಡದಲ್ಲಿ ಬರೆದರು. ಖಾದಿ ಜುಬ್ಬ, ಟೋಪಿ, ಹಾಸ್ಟೆಲಿನ ಒಂದು ಕೋಣೆ, ಇಷ್ಟರಲ್ಲೇ ಬದುಕು ಮುಗಿಸಿದ ಆ ಮನುಷ್ಯನ ಕನ್ನಡವನ್ನು ಅಳೆಯುವ ಯೋಗ್ಯತೆ ಯಾರಿಗಿದೆ?

ಹಳೆಯ ಪ್ರಶ್ನೆಗಳು ಹೊಸ ವೇಷದಲ್ಲಿ ಬರುತ್ತಲೇ ಇವೆ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಹಳದಿ, ಬಿಳಿ, ಕೆಂಪು ಬಣ್ಣದ ನಾಡಧ್ವಜದ ವಿನ್ಯಾಸವನ್ನು ಅನಾವರಣ ಮಾಡಿ ಕೇಂದ್ರದ ಒಪ್ಪಿಗೆಗೆ ಕಳಿಸಲು ಹೊರಟಾಗ, ಒಂದು ದೇಶಕ್ಕೆ ಎರಡು ಬಾವುಟವೇ ಎಂಬ ಕೂಗೆದ್ದಿತು. ಆ ವಿನ್ಯಾಸದ ನಡುವಿನ ರಾಜ್ಯ ಲಾಂಛನದಲ್ಲಿ ಇದ್ದದ್ದು ಅದೇ ಗಂಡಭೇರುಂಡ. ವಾದಿಸಿದ ಎರಡೂ ಕಡೆಯವರಲ್ಲಿ 1938ರ ಒಪ್ಪಂದವನ್ನು ಎತ್ತಿ ಹೇಳಿದವರನ್ನು ನಾನಂತೂ ಕಾಣಲಿಲ್ಲ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬಾಗೇಪಲ್ಲಿಗೆ ಭಾಗ್ಯನಗರವೆಂದು ಹೆಸರಿಡಲು ಒಪ್ಪಿತು. ಊರಿನ ಹೆಸರು ತೆಲುಗಿನಂತೆ ಕೇಳುತ್ತದೆ ಎಂಬ ಮಾತು ಆ ಬೇಡಿಕೆಯ ಹಿಂದಿತ್ತು. ಊರವರು ಬಯಸಿದ ಹೆಸರು ಊರಿಗೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೆಸರಿನಲ್ಲಿ ತೆಲುಗಿದ್ದರೆ ಕನ್ನಡಕ್ಕೆ ಕೊರತೆ ಎಂಬ ಭಾವನೆ ಈ ಸೀಮೆಗೆ ಹೊರಗಿನಿಂದ ಬಂದದ್ದು. ಕೈವಾರದ ಭಜನೆಯಲ್ಲಿ ಅದು ಇಲ್ಲ, ಗೌರಿಬಿದನೂರಿನ ಸಂತೆಯಲ್ಲೂ ಇಲ್ಲ.

ವಿದುರಾಶ್ವತ್ಥದಲ್ಲಿ ಇಂದು ಸ್ಮಾರಕವಿದೆ, ವೀರಸೌಧವಿದೆ. ಪ್ರತಿ ಏಪ್ರಿಲಿನಲ್ಲಿ ಮಾಲೆ ಹಾಕುತ್ತಾರೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟರುಗಳಲ್ಲಿ ನನ್ನದೊಂದು ಬೇಡಿಕೆ. ಪೊಲೀಸರು ಗುಂಡು ಹಾರಿಸಿದರು ಎಂದಷ್ಟೇ ಹೇಳಿ ಮುಗಿಸಬೇಡಿ. ಯಾರ ಪೊಲೀಸರು, ಯಾವ ಬಾವುಟಕ್ಕೆ, ಏಕೆ, ಆಮೇಲೆ ಏನು ಒಪ್ಪಿಕೊಂಡರು ಎಂಬುದನ್ನೂ ಹೇಳಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಅಪ್ಪ ಅಜ್ಜಿಯರಿಂದ ಆ ದಿನದ ಮಾತು ಕೇಳಿದ ಮುದುಕರು ಇನ್ನೂ ಕೆಲವರು ಇದ್ದಾರು. ಅವರ ಬಳಿ ಕೂತು ಬರೆದುಕೊಳ್ಳಿ. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆದುಕೊಳ್ಳಿ, ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ. ಆಮೇಲೆ ಕನ್ನಡಕ್ಕೆ ತಂದು ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು ಪ್ರತಿ ಇಡಿ.